ನದಿ ದಾಟುವಲ್ಲಿ ಕೂತ ಶೆಟ್ಟಿ

ನಮ್ಮ ಮನೆಯ ಬೇಸ್‌ಮೆಂಟಿನ ಕಾರ್ಪೆಟ್ಟಿನ ಮೇಲೆ ನಾಲ್ಕು ಗುಳಿಗಳಿವೆ. ಒಂದೊಂದೂ ಹಳೆಯ ಬೆಳ್ಳಿ ರೂಪಾಯಿಯಷ್ಟು ಅಗಲ. ಭಾರದ ಊಟದ ಮೇಜೊಂದು ಅಲ್ಲಿ ಎರಡು ತಿಂಗಳು ನಿಂತು ಹೋದ ಗುರುತು ಅದು. ಇಂಥ ಗುಳಿಗೆ ಮದ್ದು ನನಗೆ ಚೆನ್ನಾಗಿ ಗೊತ್ತು. ಮಂಜುಗಡ್ಡೆಯ ತುಂಡೊಂದನ್ನು ಗುಳಿಯಲ್ಲಿಟ್ಟು, ಅದು ಕರಗಿದ ಮೇಲೆ ಚಮಚದ ಬೆನ್ನಿನಿಂದ ಎಳೆಗಳನ್ನು ಮೆಲ್ಲಗೆ ಎಬ್ಬಿಸಿದರೆ ಮೇಜು ಅಲ್ಲಿತ್ತೆಂದು ದೇವರಿಗೂ ತಿಳಿಯುವುದಿಲ್ಲ. ಕಾರ್ಪೆಟ್ ಮಾರಿಯೇ ಈ ದೇಶದಲ್ಲಿ ನೆಲೆ ಕಂಡ ನಾನು ಮೇರಿಲ್ಯಾಂಡಿನ ಜರ್ಮನ್‌ಟೌನಿನ ಗಿರಾಕಿಗಳಿಗೆಲ್ಲ ಈ ಉಪಾಯವನ್ನು ಪುಕ್ಕಟೆ ಹೇಳಿದ್ದೇನೆ. ಸ್ವಂತ ಮನೆಯಲ್ಲಿ ಮಾತ್ರ ಅದನ್ನು ಮಾಡಿಲ್ಲ. ಏಕೆಂದು ಹೇಳಬೇಕಾದರೆ, ಓದುಗ ಮಿತ್ರರೇ, ಒಂದು ಯುದ್ಧದ ಕಥೆ ಹೇಳಬೇಕಾಗುತ್ತದೆ.

ಊರಿಂದ ಹೊಸದಾಗಿ ಬಂದವರು ನನ್ನ ಬಳಿ ಸಲಹೆಗೆ ಬರುವುದುಂಟು. ಬರದಿದ್ದವರಿಗೂ ನಾನು ಹೇಳುವುದುಂಟು. ಯಾವ ಅಪಾರ್ಟ್‌ಮೆಂಟಿನಲ್ಲಿ ಗೋಡೆ ತೆಳು, ಹಳೆಯ ಕಾರು ಕೊಳ್ಳುವಾಗ ಮೊದಲು ಎಲ್ಲಿ ಮೂಸಿ ನೋಡಬೇಕು, ಮನೆ ಖಾಲಿ ಮಾಡುವವರ ಸಾಮಾನು ಕೊಳ್ಳಲು ಶನಿವಾರ ಬೆಳಿಗ್ಗೆ ಮೊದಲು ಹೋಗಬೇಕೋ ಕೊನೆಗೆ ಹೋಗಬೇಕೋ ಎಂಬಂಥ ವಿಷಯಗಳಲ್ಲಿ ನನ್ನ ಮಾತಿಗೆ ಬೆಲೆಯಿದೆ. ಕೊನೆಗೆ ಹೋಗಬೇಕು, ಅಷ್ಟು ಹೊತ್ತಿಗೆ ಮಾರುವವನಿಗೆ ಸಾಮಾನು ಕಂಡರೆ ಬೇಜಾರು ಬಂದಿರುತ್ತದೆ. ವಾಲ್ಟರ್ ಎಂಬ ಮುದುಕರ ಮನೆಗೆ ನಾನು ಹೋದದ್ದೂ ಹಾಗೆಯೇ, ಕೊನೆಯಲ್ಲಿ. ಸರ್ಕಾರದ ಯಾವುದೋ ಪ್ರಯೋಗಾಲಯದಿಂದ ನಿವೃತ್ತರಾದವರು, ಮನೆ ಮಾರಿ ಕ್ಯಾರೋಲೈನಾದ ರಾಲಿಯಲ್ಲಿರುವ ಮಗಳ ಬಳಿಗೆ ಹೊರಟಿದ್ದರು. ಉಳಿದಿದ್ದದ್ದು ಒಂದೇ ಮೇಜು, ಎಂಟು ಜನ ಕೂರುವಂಥದ್ದು, ಒಳ್ಳೆಯ ಓಕ್ ಮರದ್ದು. ನಾನು ನಾಚಿಕೆಪಡಬೇಕಾದಷ್ಟು ಕಡಿಮೆ ಕೇಳಿದೆ. ಅವರು ಚಕಾರವೆತ್ತದೆ ಒಪ್ಪಿಕೊಂಡರು. ಮೊದಲ ಬೆಲೆಗೇ ಒಪ್ಪುವವನು ಸಾಮಾನಿನ ಒಳಗೆ ಇನ್ನೇನನ್ನೋ ಇಟ್ಟಿರುತ್ತಾನೆ ಎಂದು ಹತ್ತಾರು ಜನಕ್ಕೆ ಉಪದೇಶ ಮಾಡಿದ ನನಗೆ ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ.

ಆ ಮೇಜಿನ ಮೇಲಿತ್ತು ಯುದ್ಧ. ಹಾಸಿದ ನಕ್ಷೆ, ಅದರ ಮೇಲೆಲ್ಲ ಜೇನುಗೂಡಿನಂತೆ ಆರು ಮೂಲೆಯ ಮನೆಗಳು, ಮನೆಗಳಲ್ಲಿ ಉಗುರಗಲದ ರಟ್ಟಿನ ಕಾಯಿಗಳು, ನೂರಾರು. ಇನ್ನೂರು ವರ್ಷದ ಹಿಂದೆ ಇಂಗ್ಲಿಷರಿಗೂ ಇಲ್ಲಿನ ದಂಗೆಕೋರರಿಗೂ ಕ್ಯಾರೋಲೈನಾದ ಕಾಡುಗಳಲ್ಲಿ ನಡೆದ ಹೋರಾಟದ ಆಟ ಅದು. ವಾಲ್ಟರ್ ಯಾವಾಗಲೂ ದಂಗೆಕೋರರ ಕಡೆ. ಪಕ್ಕದ ಮನೆಯ ಗೆಳೆಯ ಹ್ಯಾರಲ್ಡ್ ಯಾವಾಗಲೂ ಇಂಗ್ಲಿಷರ ಕಡೆ. ಈ ಆಟದ ಅರ್ಧದಲ್ಲಿ, ಆ ವಸಂತದಲ್ಲಿ, ಹ್ಯಾರಲ್ಡ್ ತೀರಿಹೋಗಿದ್ದರು. ಮೇಜು ನಿನ್ನದೇ, ಆದರೆ ಹ್ಯಾರಲ್ಡನ ಕುರ್ಚಿಯಲ್ಲಿ ಕೂತು ಈ ಆಟ ಮುಗಿಸಿಕೊಡಬೇಕು ಎಂದರು ವಾಲ್ಟರ್. ಎರಡು ತಿಂಗಳಲ್ಲಿ ತಾನು ಹೊರಡುವುದರೊಳಗೆ ಮುಗಿಯದಿದ್ದರೆ ಮೇಜು ತನ್ನ ಜೊತೆ ರಾಲಿಗೆ ಬರುತ್ತದೆ ಎಂದೂ ಹೇಳಿದರು. ಎರಡು ತಿಂಗಳಲ್ಲಿ ಮುಗಿಯದ ಆಟ ಯಾವುದಿದೆ ಎಂದುಕೊಂಡು ಕೈ ಕುಲುಕಿದೆ. ಹ್ಯಾರಲ್ಡರ ಹಳದಿ ನೋಟ್‌ಬುಕ್ಕಿನಲ್ಲಿ ಪ್ರತಿ ಕಾಯಿಯ ಮನೆಯನ್ನೂ ಬರೆದುಕೊಂಡು, ಮೇಜನ್ನು ನನ್ನ ಅಂಗಡಿಯ ವ್ಯಾನಿನಲ್ಲಿ ಸಾಗಿಸಿ, ನಮ್ಮ ಬೇಸ್‌ಮೆಂಟಿನಲ್ಲಿ ಯುದ್ಧವನ್ನು ಇದ್ದಂತೆಯೇ ಮತ್ತೆ ಹೂಡಿದೆವು.

ಈಗ ಹೊಸಬರಿಗೆ ಎರಡು ಮಾತು. ಇಂಥ ಆಟಗಳು ಕಂಪ್ಯೂಟರಿನ ಸೀಡಿಗಳಲ್ಲೂ ಬಂದಿವೆ ಎಂದು ಕೇಳುತ್ತೇನೆ. ರಟ್ಟಿನದೇ ಆಗಲಿ ಪರದೆಯದೇ ಆಗಲಿ, ಮೊದಲ ಸಲ ಕೂತವನು ಏಳುವುದು ಕಷ್ಟ. ಕಾರಣ ಶೌರ್ಯವಲ್ಲ. ಬೇರೆ ದೇಶಕ್ಕೆ ಬಂದು ಬಿದ್ದವನ ಬದುಕಿನಲ್ಲಿ ನಿಯಮಗಳೆಲ್ಲ ಇನ್ನೊಬ್ಬರಿಗೆ ಗೊತ್ತಿರುತ್ತವೆ, ತಪ್ಪಿದ ಮೇಲೆ ಮಾತ್ರ ನಮಗೆ ತಿಳಿಸಲಾಗುತ್ತದೆ. ಇಲ್ಲೋ, ನಿಯಮವೆಲ್ಲ ಒಂದು ಪುಸ್ತಕದಲ್ಲಿ ಅಚ್ಚಾಗಿ ಕೈಗೆ ಸಿಗುತ್ತದೆ. ವೀಸಾದ ಕಾಗದಕ್ಕಾಗಿ ವರ್ಷಗಟ್ಟಲೆ ಕಾಯುವವನು ಇಲ್ಲಿ ಬೆರಳ ತುದಿಯಿಂದ ಒಂದು ಪಡೆಯನ್ನೇ ಗಡಿ ದಾಟಿಸುತ್ತಾನೆ, ಯಾರೂ ಮುದ್ರೆ ಕೇಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿ ಕಾಯಿಯ ಎದೆಯ ಮೇಲೆ ಎರಡು ಅಂಕಿಗಳಿರುತ್ತವೆ: ಇವನ ಬಲ ಎಷ್ಟು, ಇವನು ಎಷ್ಟು ದೂರ ನಡೆದಾನು. ಅಂಗಡಿಗೆ ಬರುವ ಗಿರಾಕಿಗಳ ಎದೆಯ ಮೇಲೂ ಹೀಗೆ ಅಚ್ಚಾಗಿರುತ್ತಿದ್ದರೆ ನಾನು ಎಂದೋ ನಿವೃತ್ತನಾಗುತ್ತಿದ್ದೆ. ಹುಡುಗನಾಗಿದ್ದಾಗ ಚೌಕಾಬಾರ ಆಡಿ ಬೆಳೆದವನಿಗೆ ಮನೆ, ಕಾಯಿ, ನಡೆ ಇವೆಲ್ಲ ಹೊಸದೇನೂ ಅಲ್ಲ. ಹೊಸದೆಂದರೆ ಇಲ್ಲಿ ಕಾಯಿಗಳಿಗೆ ಹಸಿವಾಗುತ್ತದೆ. ಊಟದ ಗಾಡಿ ಹಿಂದೆ ಉಳಿದರೆ ಎಂಥ ಶೂರ ಪಡೆಯೂ ತಾನೇ ಕರಗುತ್ತದೆ. ಹೊಸಬರು ಸೇನಾಪತಿಯ ಹಿಂದೆ ಓಡುತ್ತಾರೆ. ನೀವು ಗಾಡಿಯ ಹಿಂದೆ ನಡೆಯಿರಿ.

ಇನ್ನೊಂದು ವಿಷಯ ನನಗೆ ಎರಡನೆಯ ಶನಿವಾರ ಹೊಳೆಯಿತು. ನನ್ನ ಇಂಗ್ಲಿಷ್ ಪಡೆಯ ದೊಡ್ಡ ಲಾರ್ಡನ ಹೆಸರನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ತಲೆ ಕೆರೆದುಕೊಂಡಾಗ ಮೈಸೂರಿನ ಶಾಲೆಯ ಚರಿತ್ರೆಯ ಪಾಠ ನೆನಪಾಯಿತು. ಇಲ್ಲಿ ಸೋತು ಶರಣಾದ ಇದೇ ಲಾರ್ಡ್, ಹತ್ತು ವರ್ಷ ಕಳೆದು, ನಮ್ಮ ಬೆಂಗಳೂರಿನ ಕೋಟೆ ಒಡೆದು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನು. ಅರ್ಧ ರಾಜ್ಯವನ್ನು ಬರೆಸಿಕೊಂಡು, ಇಬ್ಬರು ರಾಜಕುಮಾರರನ್ನೂ ಒತ್ತೆಯಾಗಿ ಒಯ್ದವನು. ಮೈಸೂರಿನವನಾದ ನಾನು ಮೇರಿಲ್ಯಾಂಡಿನಲ್ಲಿ ಕೂತು ಅವನ ಊಟದ ಗಾಡಿ ಕಾಯುತ್ತಿದ್ದೆ. ಚರಿತ್ರೆಗೂ ಚೌಕಾಸಿ ಗೊತ್ತು.

ಆಟ ನನಗೆ ಒಗ್ಗಿತು. ವಾಲ್ಟರ್ ಮಾತ್ರ ನಿಲ್ಲುವುದೇ ಇಲ್ಲ. ನಾನು ಹತ್ತಿರ ಬಂದರೆ ಅವರ ಪಡೆ ಇನ್ನೊಂದು ನದಿ ದಾಟಿ ಹಿಂದೆ ಸರಿಯುತ್ತದೆ. ಅದನ್ನು ಓಡಿಹೋಗುವುದೆಂದು ನಾನು ತಪ್ಪು ತಿಳಿಯಲಿಲ್ಲ. ಬೆಲೆ ಕೇಳಿ ಅಂಗಡಿಯಿಂದ ಹೊರಗೆ ನಡೆಯುವ ಗಿರಾಕಿಯನ್ನು ನಾನು ಕಂಡಿಲ್ಲವೇ? ಕೂಗಿ ಕರೆದವನು ಕೆಟ್ಟ. ನಾನು ಕೂಗದೆ, ಗಾಡಿಗಳನ್ನು ಬಿಡದೆ, ಮೆಲ್ಲಮೆಲ್ಲಗೆ ಅವರನ್ನು ಕೊನೆಯ ನದಿಯ ದಡಕ್ಕೆ ತಳ್ಳಿದೆ. ಅವರು ಹೊರಡುವ ಹಿಂದಿನ ವಾರದ ಶನಿವಾರ ನಾನು ಮಹಡಿ ಹತ್ತಿ ಹೆಂಡತಿ ಶಾರದೆಗೆ, ಆಟ ಮುಗಿದ ಹಾಗೇ, ಮೇಜು ನಮ್ಮದಾಯಿತು ಎಂದು ಕೊಚ್ಚಿಕೊಂಡೆ.

ಕೊಚ್ಚಿಕೊಳ್ಳಬಾರದು. ನವರಾತ್ರಿ ಬಂದಿತ್ತು. ಶಾರದೆ ಪ್ರತಿ ವರ್ಷ ಬೇಸ್‌ಮೆಂಟಿನಲ್ಲಿ ಸೂಟ್‌ಕೇಸುಗಳನ್ನು ಮೆಟ್ಟಿಲಾಗಿ ಜೋಡಿಸಿ, ಬಿಳಿ ಪಂಚೆ ಹೊದಿಸಿ, ಮೈಸೂರಿಂದ ತಂದ ಗೊಂಬೆ ಕೂರಿಸುತ್ತಾಳೆ. ಈ ಸಲ ಮೇಜೇ ಕೆಳಗಿನ ಮೆಟ್ಟಿಲಾಯಿತು. ಕೆಳಗಿನ ಮೆಟ್ಟಿಲಲ್ಲಿ ಮರಳು ಹರಡಿ, ರಾಗಿ ಮೊಳಕೆ ಹಾಕಿ, ಊರು, ಕೆರೆ, ರಸ್ತೆ ಮಾಡುವುದು ರೂಢಿಯಷ್ಟೆ. ನದಿ, ಕಾಡು, ರಸ್ತೆ ಎಲ್ಲ ಇರುವ ಆ ನಕ್ಷೆಯನ್ನು ಕಂಡು, ಮುಗಿದ ಆಟವನ್ನು ಗಂಡ ಹಬ್ಬಕ್ಕೆಂದೇ ಹಾಗೆ ಬಿಟ್ಟಿದ್ದಾನೆಂದು ಅವಳು ತಿಳಿದಳು. ಒಂದು ಕಾಯಿಯನ್ನೂ ಕದಲಿಸದೆ, ಎರಡು ಪಡೆಗಳ ಪಕ್ಕದಲ್ಲಿ ಖಾಲಿಯಿದ್ದ ಜಾಗದಲ್ಲಿ, ರಸ್ತೆ ನದಿ ದಾಟುವಲ್ಲಿ, ಶೆಟ್ಟಿ ಗೊಂಬೆಯನ್ನು ಕೂರಿಸಿ, ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಟ್ಟು ಅಂಗಡಿ ಹೂಡಿದಳು. ವ್ಯಾಪಾರಸ್ಥನಾಗಿ ಹೇಳುತ್ತೇನೆ, ಜಾಗದ ಆಯ್ಕೆಯಲ್ಲಿ ಒಂದಿಷ್ಟೂ ತಪ್ಪಿಲ್ಲ. ಸಂಜೆ ನಾನು ಅಂಗಡಿಯಿಂದ ಬಂದಾಗ ಅವಳ ಮುಖದಲ್ಲಿ ಸಂತೋಷ ತುಳುಕುತ್ತಿತ್ತು. ಆಟಕ್ಕೆ ಮಾತ್ರ ಇನ್ನೊಂದು ಹೊಡೆತ ಬಾಕಿಯಿತ್ತು. ಮೆಲ್ಲಗೆ, ಶೆಟ್ಟಿಯನ್ನು ಒಂದು ಗೇಣು ಆಚೆ ಕೂರಿಸಬಹುದೇ ಎಂದು ಕೇಳಿದ್ದಕ್ಕೆ ಸಂತೋಷ ಹಾರಿಹೋಯಿತು.

“ಕೂರ್ಸಿದ ಗೊಂಬೇನ ವಿಜಯದಶಮಿಗೆ ಮುಂಚೆ ಕದಲಿಸ್ತಾರೇನ್ರೀ? ನಿಮ್ಮಮ್ಮ ಇದ್ದಿದ್ರೆ ಹೀಗೆ ಕೇಳ್ತಿದ್ರಾ?”

ವಿಜಯದಶಮಿ ಬುಧವಾರ. ವಾಲ್ಟರ್ ಹೊರಡುವುದು ಸೋಮವಾರ.

ಕೊನೆಯ ಶನಿವಾರ ಅವರು ಬಂದು, ಗೊಂಬೆಗಳನ್ನು ಒಂದೊಂದಾಗಿ ನೋಡಿ, ಪಟ್ಟದ ಗೊಂಬೆಗೆ ತಲೆ ಬಾಗಿಸಿ, ಶೆಟ್ಟಿಯ ಮುಂದೆ ಕನ್ನಡಕ ಏರಿಸಿಕೊಂಡು ನಿಂತರು. ಕದಲಿಸಬಾರದೆಂಬ ನಿಯಮವನ್ನು ಶಾರದೆ ಇಂಗ್ಲಿಷಿನಲ್ಲಿ ವಿವರಿಸಿದಳು. ನಿಯಮವೆಂದರೆ ನಿಯಮ, ಅದೂ ಇನ್ನೊಬ್ಬರ ಮನೆಯ ನಿಯಮ ಎಂದು ಹೇಳಿ ಅವರು ಕೂತರು. ಶೆಟ್ಟಿ ದಾರಿಗೆ ಅಡ್ಡ ಕೂತದ್ದರಿಂದ ಅವರ ಪಡೆ ನದಿ ದಾಟಿ ಹಿಂದೆ ಸರಿಯುವಂತಿಲ್ಲ. ನಡೆ ನನ್ನದು. ಒಂದೇ ಹೊಡೆತ, ಆಟ ಮುಗಿಯುತ್ತದೆ, ಮೇಜು ನನ್ನದು. ಆಗ ನಾನು ಲಾರ್ಡನ ಮುಂದಿನ ಕಥೆಯನ್ನೂ ಹೇಳಿದೆ. ಇಷ್ಟು ವರ್ಷ ಆಡಿದರೂ ಅವರಿಗೆ ಅದು ಗೊತ್ತಿರಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಹಾಗಾದರೆ ಹೊಡೆದುಬಿಡು, ನಂಜ್. ಇವನು ಇಲ್ಲೇ ಗೆದ್ದರೆ ನಿಮ್ಮೂರಿಗೆ ಬರುವುದಿಲ್ಲ.”

ನಂಜುಂಡ ಎಂಬ ನನ್ನ ಹೆಸರು ಅವರ ಬಾಯಲ್ಲಿ ಅಷ್ಟಕ್ಕೇ ನಿಲ್ಲುತ್ತಿತ್ತು. ಲಾರ್ಡನ ಕಾಯಿಯನ್ನು ಎತ್ತಿದೆ. ಅವರು ನೋಟ್‌ಬುಕ್ ಬಿಡಿಸಿ ಪೆನ್ಸಿಲ್ ಹಿಡಿದರು. ತಲೆಕೆಳಗಾಗಿ ಕಂಡ ಆ ಪುಟವನ್ನು ಅಂದು ಮೊದಲ ಸಲ ಗಮನವಿಟ್ಟು ನೋಡಿದೆ. ಎರಡು ಸಾಲು, ಮೇಲೆ ಎರಡು ಹೆಸರು. ನನ್ನ ನಡೆಗಳನ್ನೆಲ್ಲ ಅವರು ಹ್ಯಾರಲ್ಡನ ಹೆಸರಿನ ಕೆಳಗೇ ಬರೆಯುತ್ತ ಬಂದಿದ್ದರು. ಅದು ನೋಟ್‌ಬುಕ್ಕಿನ ಕೊನೆಯ ಹಾಳೆ. ಪೆನ್ಸಿಲನ್ನು ಒಮ್ಮೆ ಕೆತ್ತಿದರು. ಕೆತ್ತಿದ್ದನ್ನು ಮತ್ತೆ ಕೆತ್ತಿದರು. ಇನ್ನೊಮ್ಮೆ ಮೊದಲ ಹಾಳೆಗೆ ಹೋಗಿ ಏನೋ ನೋಡಿಕೊಂಡು ಬಂದರು.

ಸಹಿ ಹಾಕುವ ಮುಂಚೆ ಇಡೀ ಕರಾರನ್ನು ಮೊದಲಿಂದ ಓದುವವನನ್ನು ನಾನು ಬಲ್ಲೆ. ಅವನಿಗೆ ಮಾರಲು ಮನಸ್ಸಿಲ್ಲ.

ನಾನು ಲಾರ್ಡನನ್ನು ಶೆಟ್ಟಿಯ ಬೆಲ್ಲದ ಬಟ್ಟಲಿನ ಪಕ್ಕದಲ್ಲಿ ಇಳಿಸಿದೆ. ನನ್ನ ಸಿಪಾಯಿಗಳು ಬಹಳ ದೂರ ನಡೆದು ಬಂದಿದ್ದಾರೆ, ಈ ಸಲ ಯುದ್ಧವಿಲ್ಲ, ಸಾಮಾನು ಕೊಳ್ಳುತ್ತಾರೆ, ಶೆಟ್ಟಿ ಏಳುವವರೆಗೆ ವ್ಯಾಪಾರ ನಡೆಯುತ್ತದೆ ಎಂದೆ. ಅಂಥ ನಿಯಮ ಪುಸ್ತಕದಲ್ಲಿಲ್ಲ ಎಂದರು ವಾಲ್ಟರ್. ನಮ್ಮ ಕಡೆ ಇದೆ ಎಂದೆ. ಕಾಫಿ ತಂದ ಶಾರದೆ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು, ಏನು ತಿಳಿಯಿತೋ, ಹೌದೆಂದಳು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, “ನಿಮ್ಮ ಜನ್ಮದಲ್ಲಿ ಮೊದಲನೇ ಸಲ ನೋಡ್ತಾ ಇದೀನಿ, ಕೈಗೆ ಬಂದಿದ್ದನ್ನ ಬಿಟ್ಟಿದ್ದು” ಎಂದಳು.

ವಾಲ್ಟರ್ ನೋಟ್‌ಬುಕ್ಕಿನಲ್ಲಿ ಹ್ಯಾರಲ್ಡನ ಹೆಸರಿನ ಕೆಳಗೆ ಏನೋ ಬರೆದು ಮುಚ್ಚಿದರು. ತಲೆ ಎತ್ತಿದಾಗ ಅವರ ಮುಖದ ಮೇಲೆ ಪಕ್ಕಾ ವ್ಯಾಪಾರಿಯ ನಗೆಯಿತ್ತು.

“ಆಟ ಮುಗಿಯಲಿಲ್ಲ. ಕರಾರಿನ ಪ್ರಕಾರ ಮೇಜು ನನ್ನದು.”

ಮೇಜಿನ ಮೇಲೆ ಗೊಂಬೆಯಿದೆ, ಬುಧವಾರದವರೆಗೆ ಕದಲಿಸುವಂತಿಲ್ಲ ಎಂದು ನಾನು ಚೌಕಾಸಿಗಿಳಿದೆ. ಅವರಿಗೆ ಅವಸರವಿರಲಿಲ್ಲ. ಹಬ್ಬ ಮುಗಿಯಲಿ, ನೀನೇ ತಂದುಕೊಡು ಎಂದರು. ಮೊದಲ ದಿನ ಚಕಾರವೆತ್ತದೆ ಮಾರಿದ ಮನುಷ್ಯ ಕೊನೆಯ ದಿನ ಸಾಗಣೆಯನ್ನೂ ನನ್ನ ತಲೆಗೇ ಕಟ್ಟಿದ್ದರು.

ಹಾಗಾಗಿ, ವಿಜಯದಶಮಿ ಕಳೆದ ಶನಿವಾರ ಮೇಜನ್ನೂ ಆಟವನ್ನೂ ವ್ಯಾನಿಗೆ ಹೇರಿಕೊಂಡು ರಾಲಿಗೆ ಡ್ರೈವ್ ಮಾಡಿದೆ. ಶಾರದೆ ಉಳಿದ ಗೊಂಬೆಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ, ಶೆಟ್ಟಿಯೊಬ್ಬನನ್ನು ಹಳೆಯ ರೇಷ್ಮೆ ಚೂರಿನಲ್ಲಿ ಸುತ್ತಿ ನನ್ನ ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಕಟ್ಟಿದಳು. ಈಗ ಅವನು ರಾಲಿಯಲ್ಲಿ, ನಕ್ಷೆಯ ಮೇಲೆ ಆ ನದಿ ದಾಟುವಲ್ಲೇ ಕೂತಿದ್ದಾನೆ. ನವರಾತ್ರಿಗೆ ಮಾತ್ರ ಜರ್ಮನ್‌ಟೌನಿಗೆ ಬಂದು ಹೋಗುತ್ತಾನೆ. ಜಾರ್ಜಿಯಾದ ಕಾರ್ಪೆಟ್ ಗಿರಣಿಗಳಿಗೆ ವರ್ಷಕ್ಕೆ ಮೂರು ನಾಲ್ಕು ಸಲ ಹೋಗುವ ದಾರಿಯಲ್ಲಿ ನಾನು ರಾಲಿಯಲ್ಲಿ ಇಳಿದು, ಒಂದು ಕಾಲದಲ್ಲಿ ನನ್ನದಾಗಬೇಕಿದ್ದ ಮೇಜಿನ ತುದಿಯಲ್ಲಿ ಊಟ ಮಾಡುತ್ತೇನೆ. ವಾಲ್ಟರ್ ಹೊಸ ನೋಟ್‌ಬುಕ್ ಕೊಂಡಿದ್ದಾರೆ. ನನ್ನ ನಡೆಯೇನೆಂದು ಪೆನ್ಸಿಲ್ ಹಿಡಿದು ಕೇಳುತ್ತಾರೆ. ಸಿಪಾಯಿಗಳು ಇನ್ನೂ ಸಾಮಾನು ಕೊಳ್ಳುತ್ತಿದ್ದಾರೆ ಎನ್ನುತ್ತೇನೆ. ಬೆಲ್ಲ ಚೆನ್ನಾಗಿಲ್ಲವೆಂದು ಬೆಲೆ ಇಳಿಸಲು ಕೇಳುತ್ತಿದ್ದಾರೆ ಎನ್ನುತ್ತೇನೆ. ಅವರು ಅದನ್ನೂ ಬರೆದುಕೊಳ್ಳುತ್ತಾರೆ.

ಮನೆಗೆ ಬಂದವರು ಬೇಸ್‌ಮೆಂಟಿನ ನಾಲ್ಕು ಗುಳಿಗಳನ್ನು ನೋಡಿ, ಕಾರ್ಪೆಟ್ ವ್ಯಾಪಾರಿಯ ಮನೆಯಲ್ಲೇ ಹೀಗಾ ಎಂದು ಕೇಳುತ್ತಾರೆ. ನಾನು ಮಂಜುಗಡ್ಡೆಯ ಉಪಾಯವನ್ನು ಅವರಿಗೆ ಹೇಳಿಕೊಡುತ್ತೇನೆ, ಚಮಚವನ್ನು ಹೇಗೆ ಹಿಡಿಯಬೇಕೆಂದೂ ತೋರಿಸುತ್ತೇನೆ. ಆ ಗುಳಿಗಳು ಮಾತ್ರ ಇದ್ದಲ್ಲೇ ಇರಲಿ. ಅವು ಇರುವಷ್ಟು ದಿನ ಆಟ ಮುಗಿದಿಲ್ಲ. ಲಾರ್ಡ್ ಇನ್ನೂ ಶ್ರೀರಂಗಪಟ್ಟಣಕ್ಕೆ ಹೊರಟಿಲ್ಲ.