ಆಯುಧಪೂಜೆಯ ದಿನ ಬಂದ ಇನ್‌ಸ್ಪೆಕ್ಟರು

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಅಗ್ರಹಾರದ ಒಂದು ಓಣಿಯ ಅಚ್ಚುಕೂಟದಲ್ಲಿ ನಾನು ಮೊಳೆ ಜೋಡಿಸುತ್ತಿದ್ದೆ. ಲಗ್ನಪತ್ರಿಕೆಯಿಂದ ಪಂಚಾಂಗದವರೆಗೆ ಎಲ್ಲಕ್ಕೂ ಸೀಸದ ಅಚ್ಚುಮೊಳೆಗಳೇ ಬೇಕು. ಕನ್ನಡಕ್ಕೆ ಒತ್ತಕ್ಷರಗಳ ಕಾಟ ಬೇರೆ. ಮೊಳೆ ಎಷ್ಟಿದ್ದರೂ ಸಾಲದು. ಸವೆದವನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯಲು ಹಿಂದಿನ ಕೋಣೆಯಲ್ಲಿ ಇದ್ದಿಲ ಒಲೆಯೊಂದಿತ್ತು. ಅದರ ಮುಂದೆ ಕೂರುತ್ತಿದ್ದವರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಊರ ಪಕ್ಕದ ಹಳ್ಳಿಯ ಒಕ್ಕಲುಮನೆಯವರು, ನಮ್ಮಲ್ಲೆಲ್ಲ ಹಿರಿಯರು. ಆ ಕೋಣೆಗೆ ಕಿಟಕಿ ಇರಲಿಲ್ಲ. ಕಿಟಕಿ ಇಟ್ಟರೆ ಕಳ್ಳರು ಬರುತ್ತಾರೆ ಎನ್ನುತ್ತಿದ್ದರು ಯಜಮಾನರು. ಸವೆದ ಸೀಸ ಕದಿಯಲು ಬರುವ ಕಳ್ಳನನ್ನು ನಾನಂತೂ ಕಂಡಿಲ್ಲ.

ಸಂಜೆ ಯಜಮಾನರು ಎಲ್ಲರಿಗೂ ಒಂದೊಂದು ತುಂಡು ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಮೈಗೆ ಸೇರಿದ ಸೀಸ ಹೊರಟುಹೋಗುತ್ತದೆ ಎಂಬ ನಂಬಿಕೆ. ಮೊಳೆ ಹಿಡಿದ ಕರಿಬೆರಳುಗಳನ್ನು ತೊಳೆಯದೆ ಅದನ್ನು ಚೀಪುತ್ತಿದ್ದೆವು. ಈಗ ನೆನೆದರೆ ನಗುವೂ ಬರುವುದಿಲ್ಲ.

ಅಣ್ಣನಿಗೆ ಮೊದಲು ಹೊಟ್ಟೆ ಹಿಂಡುವ ನೋವು ಶುರುವಾಯಿತು. ಆಮೇಲೆ ಬಲಗೈ ಮಣಿಕಟ್ಟಿನ ಹತ್ತಿರ ಸೋತು ಜೋತುಬಿದ್ದಿತು, ಮೇಲೆತ್ತಬೇಕೆಂದರೂ ಏಳುತ್ತಿರಲಿಲ್ಲ. ನಾನೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ತುಟಿ ಎಳೆದು ವಸಡಿನ ಮೇಲಿನ ಕಪ್ಪು ಗೆರೆಯನ್ನು ನನಗೂ ತೋರಿಸಿದರು.

"ಇದು ಸೀಸದ ವಿಷ. ಒಲೆ ಬಿಟ್ಟರೆ ಕೈ ಇನ್ನೂ ಸರಿಹೋಗಬಹುದು. ಬಿಡದಿದ್ದರೆ ಪೂರ್ತಿ ಹೋಗುತ್ತೆ. ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ ತಿಳಿಸಬೇಕು ಅಂತ ಕಾನೂನಿದೆ, ನಾನು ಬರೀತೀನಿ. ನಿಮ್ಮ ಯಜಮಾನರೂ ಬರೀಬೇಕು" ಎಂದರು.

ಹೊರಗೆ ಬಂದ ಮೇಲೆ ಅಣ್ಣ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಒಲೆ ಬುಟ್ಟು ನಾನೇನ್ ಮಾಡ್ಲಪ್ಪ? ನಂಗೆ ಬೇರೆ ಕೆಲ್ಸ ಬರಾಕಿಲ್ಲ."

"ಇನ್‌ಸ್ಪೆಕ್ಟ್ರು ಬಂದು ಹೇಳಿದ್ರೆ ಯಜಮಾನ್ರು ಬೇರೆ ಕೆಲಸ ಕೊಡ್ಲೇಬೇಕು ಕಣಣ್ಣ. ಕಿಟಕೀನೂ ಇಡಿಸ್ಬೇಕು" ಎಂದೆ. ನನಗೆ ಆಗ ಹಾಗೆಯೇ ಅನ್ನಿಸಿತ್ತು.

ಯಜಮಾನರು ಬರೆಯಲಿಲ್ಲ. ಅವರ ಪ್ರಕಾರ ಅದು ವಾತ. ಡಾಕ್ಟರು ಬರೆದರು, ನಾನೂ ಬರೆದೆ. ಆಮೇಲೆ ಕಚೇರಿಗೆ ಅಲೆದದ್ದೇ ಅಲೆದದ್ದು. ಒಬ್ಬ ಗುಮಾಸ್ತರು ಕಾಗದ ಬೆಂಗಳೂರಿಗೆ ಹೋಗಿದೆ ಎಂದರೆ, ಇನ್ನೊಬ್ಬರು ಬೆಂಗಳೂರಿನಿಂದ ಬಂದಿಲ್ಲ ಎನ್ನುವರು. ಎರಡೂ ಒಂದೇ ಮಾತು ಎಂದು ತಿಳಿಯುವಷ್ಟರಲ್ಲಿ ನನ್ನ ಚಪ್ಪಲಿ ಸವೆದಿತ್ತು. ಅಣ್ಣ ಅಷ್ಟೂ ದಿನ ಎಡಗೈಯಲ್ಲಿ ಸೌಟು ಹಿಡಿದು ಎರಕ ಹೊಯ್ಯುತ್ತಲೇ ಇದ್ದರು.

ಕೊನೆಗೆ ಇನ್‌ಸ್ಪೆಕ್ಟರು ಬಂದರು. ಬಂದದ್ದು ಆಯುಧಪೂಜೆಯ ಬೆಳಿಗ್ಗೆ. ಮಾರನೆಯ ದಿನ ಜಂಬೂಸವಾರಿ. ಹೆಂಡತಿ ಮಕ್ಕಳನ್ನು ನೆಂಟರ ಮನೆಯಲ್ಲಿ ಬಿಟ್ಟು, ಸರ್ಕಾರಿ ಕೆಲಸವನ್ನೂ ಮುಗಿಸೋಣವೆಂದು ಬಂದಿದ್ದರು. ಅವರ ದಸರಾಕ್ಕೆ ನಾವು ನೆಪವಾಗಿದ್ದೆವು.

ಹಿಂದಿನ ದಿನವೆಲ್ಲ ನಾವು ಅಚ್ಚುಕೂಟವನ್ನು ತಿಕ್ಕಿ ತೊಳೆದಿದ್ದೆವು. ಯಾರೂ ಹೇಳಿ ಮಾಡಿಸಿದ್ದಲ್ಲ, ಪ್ರತಿವರ್ಷದ ಪದ್ಧತಿ. ಗೋಡೆಗೆ ಸುಣ್ಣ, ಬಾಗಿಲಿಗೆ ಮಾವಿನ ತೋರಣ, ಯಂತ್ರಕ್ಕೆ ವಿಭೂತಿ, ಕುಂಕುಮ, ಚೆಂಡುಹೂವು. ಹಿಂದಿನ ಕೋಣೆಯ ಬೂದಿಯನ್ನೂ ಮಸಿಯನ್ನೂ ಕೆರೆದು ತೆಗೆದವರು ಅಣ್ಣನೇ. ಒಲೆಯ ಬಾಯಿಯಲ್ಲಿ ಅಂದು ರಂಗೋಲಿ ಇತ್ತು.

ಇನ್‌ಸ್ಪೆಕ್ಟರು ಚಪ್ಪಲಿ ಬಿಟ್ಟು ಒಳಗೆ ಬಂದು, ಹಿಂದಿನ ಕೋಣೆಯ ಒಲೆಗೂ ಕೈಮುಗಿದರು. "ಬಹಳ ಚೊಕ್ಕವಾಗಿದೆ" ಎಂದರು.

ನನಗೆ ತಡೆಯಲಾಗಲಿಲ್ಲ. "ಒಲೆ ಹಚ್ಚಿಸಿ ನೋಡಿ ಸಾರ್. ಒಂದು ಗಳಿಗೆ ಈ ಕೋಣೇಲಿ ನಿಂತ್ಕೊಳ್ಳಿ, ಗೊತ್ತಾಗುತ್ತೆ."

ಉತ್ತರ ಕೊಟ್ಟವರು ಯಜಮಾನರಲ್ಲ, ಅಣ್ಣ. "ಇವತ್ತು ಹಚ್ಚಂಗಿಲ್ಲ ಬುದ್ಧಿ. ಪೂಜೆಗೆ ಕೂರ್ಸಿದೀವಿ."

"ಸರಿ, ಸರಿ. ಪದ್ಧತಿ ಬಿಡಬಾರದು" ಎಂದರು ಇನ್‌ಸ್ಪೆಕ್ಟರು.

"ಆಸ್ಪತ್ರೆಯಿಂದ ಬರೆದಿದ್ದು ಇವರ ವಿಷಯಾನೇ ಸಾರ್" ಎಂದೆ.

ಇನ್‌ಸ್ಪೆಕ್ಟರು ತಿರುಗಿ ನೋಡಿದರು. ಅಣ್ಣ ಕ್ಷೌರ ಮಾಡಿಸಿಕೊಂಡು, ಮಡಿಪಂಚೆ ಉಟ್ಟು, ಹಣೆಗೆ ಕುಂಕುಮವಿಟ್ಟು ಮದುವೆಮನೆಯ ಹಿರಿಯರ ಹಾಗೆ ನಿಂತಿದ್ದರು.

"ಏನಪ್ಪ, ಈಗ ಹೇಗಿದೀಯ?"

"ಚೆನ್ನಾಗಿದೀನಿ ಬುದ್ಧಿ. ನಿಮ್ಮ ದಯ."

ನನಗೆ ಸಿಟ್ಟು ನೆತ್ತಿಗೇರಿತು. ಅಣ್ಣ ಕಣ್ಣಲ್ಲೇ ಸುಮ್ಮನಿರು ಎಂದರು.

ಬಂದವರಿಗೆ ತಾಂಬೂಲ ಕೊಡುವುದು ಹಿರಿಯರ ಪಾಲಿನ ಕೆಲಸ. ಅಣ್ಣ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣನ್ನು ಬಲಗೈಯಲ್ಲಿಟ್ಟು, ಜೋತುಬೀಳುವ ಮಣಿಕಟ್ಟಿಗೆ ಎಡಗೈ ಆನಿಸಿ, ತಲೆಬಾಗಿ ಚಾಚಿದರು. ದೊಡ್ಡವರಿಗೆ ಏನು ಕೊಡುವಾಗಲೂ ನಾವೆಲ್ಲ ಹಾಗೆಯೇ ಅಲ್ಲವೆ ಕೈಗೆ ಕೈ ಆನಿಸುವುದು? ಇನ್‌ಸ್ಪೆಕ್ಟರು ಅಷ್ಟು ಹತ್ತಿರದಿಂದ ಆ ಕೈಯನ್ನೇ ನೋಡಿದರು.

"ಎಷ್ಟು ವಿನಯ ನೋಡಿ" ಎಂದರು ಯಜಮಾನರಿಗೆ.

ಇನ್‌ಸ್ಪೆಕ್ಟರೂ ಯಜಮಾನರೂ ಹೊರಟ ಮೇಲೆ ಅಣ್ಣನನ್ನು ಬೈದೇಬಿಟ್ಟೆ. ಅವರಿಗೆ ಬೇಜಾರಾಗಲಿಲ್ಲ. "ಅಂಗಲ್ಲ ಕಣಪ್ಪ. ವರ್ಷದ ಹಬ್ಬ. ಬಾಗ್ಲಿಗೆ ಬಂದೋರ ಮುಂದೆ ಕಾಯ್ಲೆ ಕಸಾಲೆ ಅಂತ ಎಂಗೆ ಬಾಯ್ಬುಡೋದು?" ಎಂದರು. ನನ್ನಮ್ಮನಿದ್ದರೂ ಹಾಗೆಯೇ ಹೇಳುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಕಾಗದ ಬಂತು. ಸ್ಥಳ ಶುಚಿಯಾಗಿದೆ, ಕೆಲಸಗಾರ ಗುಣಮುಖನಾಗಿದ್ದಾನೆ, ಕ್ರಮದ ಅಗತ್ಯವಿಲ್ಲ. ನಾನು ಮತ್ತೆ ಬರೆದೆ. ಆ ವಿಷಯ ಮುಕ್ತಾಯವಾಗಿದೆ ಎಂಬ ಉತ್ತರ ಮಾತ್ರ ಬೇಗ ಬಂತು.

ಬೇಸಿಗೆಯ ಹೊತ್ತಿಗೆ ಅಣ್ಣನ ಎಡಗೈಯೂ ಸೋತಿತು. ಸೌಟು ಜಾರಿ ಕಾದ ಸೀಸ ನೆಲಕ್ಕೆ ಚೆಲ್ಲಿದ ದಿನ ಯಜಮಾನರು ಅವರನ್ನು ಮನೆಗೆ ಕಳಿಸಿದರು. ಒಲೆಯ ಮುಂದೆ ಬೇರೊಬ್ಬರು ಬಂದು ಕೂತರು. ಕಿಟಕಿ ಮಾತ್ರ ಬರಲಿಲ್ಲ.

ಒಂದು ಭಾನುವಾರ ಹಳ್ಳಿಗೆ ಹೋಗಿ ಅವರನ್ನು ನೋಡಿದೆ. ಜಗಲಿಯ ಮೇಲೆ ಕೂತಿದ್ದರು. ಹೆಂಡತಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದರು. ಕೈಗಳೆರಡೂ ತೊಡೆಯ ಮೇಲೆ ಬಿದ್ದಿದ್ದವು. ನುಂಗಿ, ಬಾಯಿ ಒರೆಸಿಸಿಕೊಂಡು, ನನ್ನನ್ನು ಹತ್ತಿರ ಕರೆದರು.

"ಆ ಇನ್‌ಸ್ಪೆಕ್ಟ್ರು ಮತ್ತೆ ಯಾವಾಗ ಬತ್ತಾರಪ್ಪ? ಈಗ ಹಬ್ಬ ಗಿಬ್ಬ ಏನಿಲ್ಲ. ಕೇಳಿದ್ರೆ ಹೇಳ್ತೀನಿ."

ದಸರಾಕ್ಕೆ ಬರಬಹುದು ಎಂದೆ.