ಅರಿಶಿನ ಹಚ್ಚಿದ ಕೆನ್ನೆ

ನಮ್ಮ ಕಾಲದ ಕ್ಯಾಮೆರಾದ ಗಾಜಿನ ಪ್ಲೇಟಿಗೆ ಅರಿಶಿನ ಕಂಡರಾಗದು. ಹಳದಿಯೆಲ್ಲ ಅದರಲ್ಲಿ ಕಪ್ಪಾಗಿ ಮೂಡುತ್ತಿತ್ತು. ಮದುವೆ ಫೋಟೋಗಳಲ್ಲಿ ಮದುಮಗಳು ಮಸಿ ಬಳಿದುಕೊಂಡವಳಂತೆ ಕಂಡು, ಚಳ್ಳಕೆರೆಯಲ್ಲಿ ನಾನು ತಿಂದ ಬೈಗುಳ ಅಷ್ಟಿಷ್ಟಲ್ಲ. ಮುಖ ತೊಳೆದು ಬನ್ನಿ ಎನ್ನುವುದೇ ನನ್ನ ಮೊದಲ ಮಾತಾಗಿತ್ತು.

ಆ ಸಲ ಪೊಲೀಸ್ ದಫೇದಾರರು ನನ್ನನ್ನು ಮೊಳಕಾಲ್ಮೂರಿಗೆ ಕರೆಸಿದರು. ನೇಕಾರರ ಹೆಂಗಸೊಬ್ಬಳು ಮಗ್ಗಕ್ಕೇರಿಸುವ ಮುಂಚೆ ಸೀರೆಯ ಹಾಸಿನ ರೇಷ್ಮೆ ಎಳೆಗಳನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿದ್ದಳು. ಸಾಹುಕಾರನೊಬ್ಬ ಅದರ ಮೇಲೆಯೇ ಗಾಡಿ ಹೊಡೆದ. ಅಡ್ಡ ನಿಂತವಳ ಕೆನ್ನೆಗೆ ಬಾರುಕೋಲಿನಿಂದ ಬಾರಿಸಿದ. ಬೀದಿಯವರು ಸಾಕ್ಷಿ ಹೇಳಲು ಹೆದರಿದರು. ಅವಳೊಬ್ಬಳ ಮಾತು ಸಾಲದು, ಕೇಸು ನಿಂತರೆ ಫೋಟೋದ ಮೇಲೇ ನಿಲ್ಲಬೇಕಿತ್ತು.

ನಾನು ಹೋಗುವಷ್ಟರಲ್ಲಿ ಅವಳ ಅವ್ವ ಕೆನ್ನೆಯಿಂದ ಕುತ್ತಿಗೆಯವರೆಗೆ ಅರಿಶಿನ ಮೆತ್ತಿದ್ದಳು. ಅದರ ನಡುವೆ ಬಾಸುಂಡೆ ಬೆರಳು ದಪ್ಪ ಎದ್ದಿತ್ತು, ತುದಿಯಲ್ಲಿ ಚರ್ಮ ಬಿರಿದಿತ್ತು. ತೊಳೆಸಿ ಎಂದೆ. ಗಾಯದ ಅರಿಶಿನ ತೊಳೆದರೆ ನಂಜಾಗುತ್ತದೆ ಎಂದು ಅವ್ವ ನನ್ನನ್ನೇ ಗದರಿದಳು. ಇನ್ನೊಂದು ದಿನ ಬರುತ್ತೇನೆಂದರೆ ದಫೇದಾರರಿಗೆ ಪುರಸೊತ್ತಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಬಂತು? ತೆಗೆದೆ.

ಪ್ರಿಂಟಿನಲ್ಲಿ ಅರ್ಧ ಮುಖವೇ ಕಪ್ಪು. ದಫೇದಾರರು ಹಿಗ್ಗಿದರು. ಇದು ಏಟಲ್ಲ, ಅರಿಶಿನ, ಕೋರ್ಟು ಕಚೇರಿಯಲ್ಲಿ ಹಾಗೆಂದು ಹೇಳಲೇಬೇಕಾಗುತ್ತದೆ ಎಂದೆ.

“ಹೊಡೆದಿದ್ದು ನಿಜ ಐತಲ್ರಿ. ನಿಮಗ್ಯಾಕೆ ಉಸಾಬರಿ?” ಎಂದರು.

ಹೊಡೆದದ್ದು ನಿಜ, ಫೋಟೋ ಸುಳ್ಳು. ಒಂದು ಏಟನ್ನು ಹತ್ತು ಮಾಡಿ ತೋರಿಸುವ ಚಿತ್ರಕ್ಕೆ ನಾನು ಹೇಗೆ ಪ್ರಮಾಣ ಮಾಡಲಿ?

ವಿಚಾರಣೆಯ ದಿನ ಇದ್ದದ್ದನ್ನು ಇದ್ದಂತೆ ಹೇಳಿದೆ. ಸಾಹುಕಾರನ ವಕೀಲ ಥಟ್ಟನೆ ಎದ್ದ. ಇದರಲ್ಲಿ ಗಾಯ ಯಾವುದು, ಅರಿಶಿನ ಯಾವುದು, ಬೆರಳಿಟ್ಟು ತೋರಿಸಿ ಎಂದ. ಫೋಟೋದಲ್ಲಿ ತಿಳಿಯದು, ಆದರೆ ಗಾಯವನ್ನು ನಾನು ಕಣ್ಣಾರೆ... ಎಂದು ಶುರುಮಾಡುವಷ್ಟರಲ್ಲಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ಮ್ಯಾಜಿಸ್ಟ್ರೇಟರು ತಡೆದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಪ್ರತ್ಯಕ್ಷ ಕಂಡವನ ಬಾಯನ್ನೇ ಮುಚ್ಚಿಸಿದರೆ ಪ್ರಮಾಣಿಸುವುದೇನನ್ನು? ಸಾಹುಕಾರ ಖುಲಾಸೆಯಾಗಿ ನಗುತ್ತಾ ಗಾಡಿ ಹತ್ತಿದ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಹೊರಗೆ ಬೇವಿನ ಮರದ ಕೆಳಗೆ ಅವಳು ನಿಂತಿದ್ದಳು. ಗಾಯ ಪೂರಾ ಮಾಯ್ದಿತ್ತು. ಅವ್ವನ ಅರಿಶಿನ ಒಂದು ಗುರುತನ್ನೂ ಉಳಿಸಿರಲಿಲ್ಲ.

“ನೀವು ನೋಡಿದ್ರಲ್ರಿ,” ಎಂದಳು.

ನೋಡಿದ್ದೆ ಎಂದು ಅವಳೊಬ್ಬಳಿಗೇ ಹೇಳಿದೆ.