ಫ್ಯಾನ್ ನಿಲ್ಲಿಸಿ ಬರೆದ ಇಪ್ಪತ್ತೊಂದು ಅಂಕಿಗಳು

೨೦೦೩ ಏಪ್ರಿಲ್ ೧೪, ಸೋಮವಾರ, ಮಧ್ಯಾಹ್ನ ಎರಡೂ ಕಾಲು. ನನ್ನ ನೋಟ್‌ಬುಕ್ಕಿನ ಮೊದಲ ಅಂಕಿ ಆ ಹೊತ್ತಿನದು: ಅಪ್ಪನ ಕೋಣೆ, ೩೮ ಡಿಗ್ರಿ.

ಪೋರೂರಿನ ನಮ್ಮ ಮನೆಗೆ ಮಹಡಿಯಿಲ್ಲ. ಬೆಳಗಿನಿಂದ ಕಾದ ಕಾಂಕ್ರೀಟು ನೇರ ತಲೆಯ ಮೇಲೆ. ಫೆಬ್ರವರಿಯಲ್ಲಿ ಅಪ್ಪನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಬಿಸಿಲು ಇನ್ನೂ ಏರುವುದರೊಳಗೆ ಆ ಕೋಣೆ ತಂಪಾಗಬೇಕಿತ್ತು. ನನಗೆ ಕಾಲೇಜು ರಜೆ. ಕೆಲಸ ನನ್ನ ಪಾಲಿಗೆ ಬಂತು.

ಹಿಂದಿನ ದಿನವೇ ಮೇಸ್ತ್ರಿ ಬಂದು ನೋಡಿದ್ದ. ಛಾವಣಿಯ ಮೇಲೆ ಮಣ್ಣಿನ ಗಡಿಗೆಗಳನ್ನು ಬೋರಲು ಜೋಡಿಸಿ ಸುಣ್ಣದ ಗಾರೆ ಎಳೆದರೆ, ಒಳಗಿನ ಗಾಳಿ ಬಿಸಿಲನ್ನು ಕೆಳಗೆ ಬಿಡುವುದಿಲ್ಲ ಎಂದು ತಮಿಳಿನಲ್ಲಿ ವಿವರಿಸಿದ. "ನಾಲ್ಕೇ ದಿನದ ಕೆಲಸ ಅಮ್ಮಾ. ನಾಳೆಯೇ ಶುರು ಮಾಡ್ಲಾ?"

ಅಪ್ಪ ಮಣಲಿಯ ತೈಲ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಗಂಟೆಗೊಮ್ಮೆ ಮೀಟರ್ ನೋಡಿ ಬರೆದವರು. ತೊದಲುತ್ತಲೇ ಹೇಳಿದರು: "ಅಳತೆ ಮಾಡ್ದೆ ಬೇಡ. ಒಂದು ವಾರ ಹೀಗೇ ನೋಡು. ಒಂದು ವಾರ ಒಳಗೆ ಥರ್ಮೋಕೋಲು. ಅದನ್ನ ತೆಗ್ದು ಒಂದು ವಾರ ಮೇಲೆ ಸುಣ್ಣ."

ಫ್ಯಾನಿನ ಗಾಳಿ ಲೆಕ್ಕ ಕೆಡಿಸುತ್ತದೆ, ದಿನವೂ ಎರಡೂ ಕಾಲಿಗೆ ಥರ್ಮಾಮೀಟರು ಓದುವ ಮುನ್ನ ಅರ್ಧ ಗಂಟೆ ಅದನ್ನು ನಿಲ್ಲಿಸಬೇಕು ಎಂಬ ನಿಯಮ ಮಾತ್ರ ನನ್ನದು. ಅಪ್ಪ ಒಪ್ಪಿದರು.

ಅಮ್ಮ ಒಪ್ಪಲಿಲ್ಲ. "ಅವರೇನು ಮಣಲಿ ಟ್ಯಾಂಕೇನೇ? ಟ್ಯಾಂಕಿಗಾದ್ರೂ ಬೇಸಿಗೇಲಿ ನೀರು ಹೊಡೀತಾರೆ. ಹಾಕೇ ಫ್ಯಾನು!"

"ಇನ್ನೆಂಟು ನಿಮಿಷ ಕಣೇ," ಎಂದರು ಅಪ್ಪ. "ಕೆಡಿಸ್ಬೇಡ."

ದಿಂಬು ಒದ್ದೆಯಾಗಿರುತ್ತಿತ್ತು. ಓದಿದ ಕೂಡಲೇ "ಎಷ್ಟಮ್ಮ?" ಎಂದು ಕೇಳುತ್ತಿದ್ದರು. ಅಂಕಿ ಹೇಳಿದರೆ ಒಮ್ಮೆ ತಾವೂ ಹೇಳಿಕೊಂಡು ಕಣ್ಣು ಮುಚ್ಚುತ್ತಿದ್ದರು.

ಇಲ್ಲಿಯವರು ಕತ್ತಿರಿ ಎನ್ನುವ ಉರಿಬಿಸಿಲು ಶುರುವಾದ ಮೇ ೪ರಂದು ಇಪ್ಪತ್ತೊಂದನೆಯ ಅಂಕಿ ಬರೆದೆ. ಥರ್ಮೋಕೋಲಿನಿಂದ ಒಂದು ಡಿಗ್ರಿ ಇಳಿದಿತ್ತು, ಸುಣ್ಣದಿಂದ ಎರಡು.

"ಹಂಗಾದ್ರೆ ಗಡಿಗೆ," ಎಂದರು ಅಪ್ಪ.

ಮೇಸ್ತ್ರಿ ಅಷ್ಟರಲ್ಲಿ ಅಣ್ಣಾ ನಗರದಲ್ಲಿ ಬೇರೆ ಕೆಲಸ ಹಿಡಿದಿದ್ದ. ಹನ್ನೆರಡನೇ ತಾರೀಕಿಗೆ ಬರುತ್ತೇನೆಂದ. ಗಡಿಗೆಗಳು ಎಂಟನೇ ತಾರೀಕಿಗೇ ಬಂದವು. ಅಪ್ಪನಿಗೆ ಕಾಣಲೆಂದು ಕಿಟಕಿಯೆದುರು ಜೋಡಿಸಿ, ಎಣಿಸಿ ಹೇಳಿದೆ: ಇನ್ನೂರ ನಲವತ್ತು, ಒಡೆದದ್ದು ಮೂರು.

"ಬರ್ಕೋ," ಎಂದರು.

ಒಂಬತ್ತರ ಬೆಳಿಗ್ಗೆ, ಕಾಫಿಯ ಹೊತ್ತಿಗೆ, ಎರಡನೆಯ ಸಲ ಲಕ್ವ ಹೊಡೆಯಿತು. ಆಸ್ಪತ್ರೆ ತಲುಪುವುದರೊಳಗೆ ಅಪ್ಪ ಇರಲಿಲ್ಲ.

ವೈಕುಂಠ ಸಮಾರಾಧನೆಯಾದ ಮೇಲೆ ಮೇಸ್ತ್ರಿ ಬಾಗಿಲಲ್ಲಿ ನಿಂತು, ಗಡಿಗೆಗಳನ್ನು ವಾಪಸು ಕಳಿಸಲೇ ಎಂದು ಕೇಳಿದ. "ಅವರು ಆರಿಸಿದ್ದು. ಹಾಕು," ಎಂದಳು ಅಮ್ಮ. ೨೩ರಂದು ಶುರುವಾದ ಕೆಲಸ ೨೬ಕ್ಕೆ ಮುಗಿಯಿತು. ನಾಲ್ಕೇ ದಿನ. ಜೂನ್ ೨ರಂದು ಎರಡೂ ಕಾಲಿಗೆ ಕೋಣೆಯ ಬಾಗಿಲು ತೆಗೆದು ನೋಡಿದೆ: ೩೩. ಎಷ್ಟು ಎಂದು ಯಾರೂ ಕೇಳಲಿಲ್ಲ.

ಕಾಲೇಜು ತೆರೆದ ಮೇಲೆ ಫಿಸಿಕ್ಸ್ ಮೇಡಂಗೆ ನೋಟ್‌ಬುಕ್ ತೋರಿಸಿದೆ. ಚೆನ್ನಾಗಿ ಬರೆದಿದ್ದೀಯ ಎಂದರು. ಆಮೇಲೆ, ಫ್ಯಾನ್ ಯಾಕೆ ನಿಲ್ಲಿಸಿದೆ ಎಂದು ಕೇಳಿದರು. ಅದರ ಗಾಳಿ ಬೆವರನ್ನು ಆರಿಸುತ್ತದೆ, ಥರ್ಮಾಮೀಟರಿಗೆ ಬೆವರಿಲ್ಲವಲ್ಲ. ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತಂತೆ.

ದಿನಕ್ಕೆ ಅರ್ಧ ಗಂಟೆ, ಇಪ್ಪತ್ತೊಂದು ದಿನ. ಹತ್ತೂವರೆ ಗಂಟೆ. ಇದನ್ನು ಅಮ್ಮನಿಗೆ ಹೇಳಿಲ್ಲ.

ಮೇಸ್ತ್ರಿ ಕೇಳಿದ ದಿನವೇ ಹೂಂ ಎಂದಿದ್ದರೆ ಏಪ್ರಿಲ್ ೧೭ಕ್ಕೆ ಕೆಲಸ ಮುಗಿಯುತ್ತಿತ್ತು. ಅಲ್ಲಿಂದ ಅಪ್ಪನ ಕೊನೆಯ ಪೂರ್ತಿ ದಿನವಾದ ಮೇ ೮ರವರೆಗೂ ಇಪ್ಪತ್ತೊಂದೇ ದಿನ. ಆದರೆ ಹಸಿ ಗಾರೆ ಆರುವ ಮೊದಲೇ ಗಡಿಗೆಗಳು ತಂಪು ಕೊಡುತ್ತವೆಯೋ, ವಾರಗಟ್ಟಲೆ ಕಾಯಬೇಕೋ, ನನ್ನ ಅಂಕಿಗಳಲ್ಲಿಲ್ಲ. ಕೆಲಸ ಮುಗಿದ ಮೊದಲ ವಾರ ನಾನು ಆ ಕೋಣೆಯೊಳಗೆ ಕಾಲಿಡಲಿಲ್ಲ. ಇಂಥ ಛಾವಣಿ ಹಾಕಿಸಿದವರು ಯಾರಾದರೂ ಇದ್ದರೆ, ಎಷ್ಟನೆಯ ದಿನ ತಂಪಾಯಿತೆಂದು ದಯವಿಟ್ಟು ಬರೆದು ತಿಳಿಸಿ. ಇಪ್ಪತ್ತೊಂದರಲ್ಲಿ ಅದನ್ನು ಕಳೆಯಬೇಕಾಗಿದೆ.